ಬಿ450 ಬೋರ್ಡ್, ರೈಜನ್ 5 3600 ಇರುವ ಪಿಸಿಗೆ ಗ್ರಾಫಿಕ್ಸ್ ಕಾರ್ಡ್: 8 ಜಿಬಿ ಸಾಕಾ, 16 ಜಿಬಿಗೆ ಹೋಗಬೇಕಾ?

ಪ್ರಶ್ನೆ: ಕಲಬುರಗಿ_ಬಿಲ್ಡ್

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಜೋಡಿಸಿದ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬೇಕು. ಈಗ ಇರೋದು ರೈಜನ್ 5 3600, ಬಿ450ಎಂ ಮೈಕ್ರೊ ಎಟಿಎಕ್ಸ್ ಬೋರ್ಡ್, 16 ಜಿಬಿ ಡಿಡಿಆರ್4 3200 (8+8), ಜಿಟಿಎಕ್ಸ್ 1650 4 ಜಿಬಿ, 450 ವ್ಯಾಟ್ 80 ಪ್ಲಸ್ ಬ್ರಾಂಜ್ ಪವರ್ ಸಪ್ಲೈ, 600 ವಿಎ ಯುಪಿಎಸ್. ಮಾನಿಟರ್ 24 ಇಂಚು, 1080ಪಿ, 144 ಹರ್ಟ್ಜ್. ಮುಂದೆ ಯಾವಾಗಲಾದರೂ 1440ಪಿಗೆ ಹೋಗಬಹುದು, ಈಗಲೇ ಅಲ್ಲ.

ಕೆಲಸ: ಮುಖ್ಯವಾಗಿ ಆಟ. ವಾರಕ್ಕೆ ಒಂದೆರಡು ದಿನ ಬ್ಲೆಂಡರ್ (3ಡಿ ಚಿತ್ರ ಮಾಡೋ ತಂತ್ರಾಂಶ), ಸ್ವಲ್ಪ ಡಾವಿಂಚಿ ರಿಸಾಲ್ವ್ ಎಡಿಟಿಂಗ್ (ಮೊಬೈಲ್‌ನಲ್ಲಿ ತೆಗೆದ 4ಕೆ ವಿಡಿಯೊ).

ಬಜೆಟ್ 35 ಸಾವಿರ, ತೀರಾ ಬೇಕೆಂದರೆ 38. ನೋಡಿಟ್ಟಿರೋದು ಆರ್‌ಟಿಎಕ್ಸ್ 5060 8 ಜಿಬಿ, ಆರ್‌ಎಕ್ಸ್ 9060 ಎಕ್ಸ್‌ಟಿ (8 ಮತ್ತು 16), ಇಂಟೆಲ್ ಆರ್ಕ್ ಬಿ580 12 ಜಿಬಿ. ಬೆಂಚ್‌ಮಾರ್ಕ್ ಪಟ್ಟಿಗಳಲ್ಲಿ ಇವೆಲ್ಲ ಹತ್ತಿರ ಹತ್ತಿರ ಇವೆ. ಹಾಗಾದರೆ ಅಗ್ಗದ್ದು ತಗೊಂಡರೆ ಆಗಲ್ವಾ?

ಫ್ರೇಮ್‌ಟೈಮ್

ಆ ಪಟ್ಟಿಗಳನ್ನು ಮಾಡೋದು ಈಗಿನ ಅತಿ ವೇಗದ ಪ್ರೊಸೆಸರ್, ಪಿಸಿಐಇ (ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಸಾಗೋ ದಾರಿ) 5.0 ಬೋರ್ಡ್ ಮೇಲೆ. ನಿಮ್ಮ ಬಿ450 ಪಿಸಿಐಇ 3.0. ನಿಮ್ಮ 3600ಗೆ 4.0 ಬರುತ್ತೆ, ಆದರೆ ಈ ಬೋರ್ಡ್‌ನಲ್ಲಿ ಓಡೋದು 3.0 ವೇಗಕ್ಕೇ. ನಾಳೆ ರೈಜನ್ 5 5600 ಪ್ರೊಸೆಸರ್ ಹಾಕಿದರೂ ಅಷ್ಟೇ. ನಿಮ್ಮ ಆಯ್ಕೆ ಪೂರ್ತಿ ಈ ಒಂದು ಸಂಗತಿಯ ಮೇಲೆ ನಿಂತಿದೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ.

3.0ರಲ್ಲಿ ಒಂದು ಲೇನ್ (ಆ ದಾರಿಯ ಒಂದು ಸಾಲು) ಸೆಕೆಂಡಿಗೆ ಸುಮಾರು 1 ಜಿಬಿ ಸಾಗಿಸುತ್ತೆ. 16 ಲೇನ್ ಇದ್ದರೆ 15.8 ಜಿಬಿ, 8 ಲೇನ್ ಇದ್ದರೆ 7.9. ಆರ್‌ಟಿಎಕ್ಸ್ 4060, 5060, 5060 ಟಿಐ, ಆರ್‌ಎಕ್ಸ್ 7600, ಬಿ580 ಎಲ್ಲವೂ 8 ಲೇನ್ ಕಾರ್ಡ್‌ಗಳು. ಕನೆಕ್ಟರ್ ನೋಡೋಕೆ ಪೂರ್ತಿ ಉದ್ದ ಇರುತ್ತೆ, ಒಳಗೆ ಜೋಡಣೆ ಅರ್ಧಕ್ಕೇ. ನಿಮ್ಮ ಪಟ್ಟಿಯಲ್ಲಿ 16 ಲೇನ್ ಇರೋದು 9060 ಎಕ್ಸ್‌ಟಿಗೆ ಮಾತ್ರ.

ಆಟಕ್ಕೆ ಬೇಕಾದ್ದೆಲ್ಲ ಕಾರ್ಡ್‌ನ ಸ್ವಂತ ಮೆಮೊರಿಯಲ್ಲಿ ಹಿಡಿಸಿದರೆ ಲೇನ್ ಎಷ್ಟಿದ್ದರೂ ಹೆಚ್ಚು ವ್ಯತ್ಯಾಸ ಗೊತ್ತಾಗಲ್ಲ. ಎಡವಟ್ಟಾಗೋದು ಹಿಡಿಸದಿದ್ದಾಗ. ಮಿಕ್ಕ ಟೆಕ್ಸ್ಚರ್‌ಗಳು ಸಿಸ್ಟಮ್ ರ‍್ಯಾಮ್‌ಗೆ ಹೋಗಿ ಕೂರುತ್ತವೆ, ಬೇಕಾದಾಗಲೆಲ್ಲ ಆ ಲೇನ್‌ಗಳ ಮೂಲಕವೇ ಬರಬೇಕು. 5060ರ ಸ್ವಂತ ಮೆಮೊರಿ ಸೆಕೆಂಡಿಗೆ 448 ಜಿಬಿ ಕೊಡುತ್ತೆ; ನಿಮ್ಮ ಡ್ಯುಯಲ್ ಚಾನೆಲ್ ಡಿಡಿಆರ್4 3200 ಕೊಡೋದು 51; ನಡುವಿನ ದಾರಿ 7.9. ಕೆರೆ ತುಂಬ ನೀರಿದ್ದರೂ ಅರ್ಧ ಇಂಚಿನ ಪೈಪಲ್ಲಿ ಗದ್ದೆ ತೋಯಿಸಿದ ಹಾಗೆ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು) ಚೆನ್ನಾಗೇ ಕಾಣುತ್ತೆ, ಕ್ಯಾಮೆರಾ ತಿರುಗಿಸಿದ ತಕ್ಷಣ ತಡೆತಡೆದು ನಿಲ್ಲುತ್ತೆ. 1 ಪರ್ಸೆಂಟ್ ಲೋ (ಅತಿ ನಿಧಾನದ ಶೇ 1 ಫ್ರೇಮ್‌ಗಳ ವೇಗ) ಅಂತ ಬೆಂಚ್‌ಮಾರ್ಕ್‌ನಲ್ಲಿ ಬರುತ್ತಲ್ಲ, ಅದು ಕುಸಿಯೋದು ಇಲ್ಲಿ. ಕೆಲವು ಆಟಗಳಲ್ಲಿ ತಡೆಯೂ ಆಗಲ್ಲ, ಬದಲಿಗೆ ಗೋಡೆ, ನೆಲ ಎಲ್ಲ ಮಸುಕು ಮಸುಕಾಗಿ ಉಳಿಯುತ್ತವೆ.

ಹಾಗಾಗಿ 8 ಜಿಬಿ ಜೊತೆಗೆ 8 ಲೇನ್ ಅನ್ನೋ ಜೋಡಿ ಪಿಸಿಐಇ 3.0 ಬೋರ್ಡ್‌ಗೆ ಅತ್ಯಂತ ಕೆಟ್ಟದ್ದು. ನನ್ನ ಆಯ್ಕೆ 9060 ಎಕ್ಸ್‌ಟಿ 16 ಜಿಬಿ, ಎರಡನೇ ಮಾತಿಲ್ಲ. ಅದೇ ಕಾರ್ಡ್‌ನ 8 ಜಿಬಿಯದನ್ನೂ ಪಟ್ಟಿಯಿಂದ ತೆಗೀರಿ. 16 ಲೇನ್ ಇರೋದರಿಂದ 5060ಗಿಂತ ಒಂದಿಷ್ಟು ತಡ್ಕೊಳ್ಳುತ್ತೆ ಅಷ್ಟೇ.

ಬೆಲೆ ಸರಿಯಿದೆಯಾ ಅಂತ ಅಳೆಯೋಕೆ ಒಂದು ದಾರಿ: ಅಮೆರಿಕದಲ್ಲಿ ಘೋಷಿಸಿದ ಬೆಲೆಯಲ್ಲಿ ತೆರಿಗೆ ಸೇರಿರಲ್ಲ. 9060 ಎಕ್ಸ್‌ಟಿ 16 ಜಿಬಿಯ 349 ಡಾಲರ್‌ಗೆ ನಮ್ಮ ಶೇ 18 ಜಿಎಸ್‌ಟಿ ಸೇರಿಸಿದರೆ 412. ಡಾಲರ್‌ಗೆ 85ರಿಂದ 90 ರೂಪಾಯಿ ಹಿಡಿದರೆ 35ರಿಂದ 37 ಸಾವಿರ. ಇದೇ ಲೆಕ್ಕದಲ್ಲಿ 299 ಡಾಲರ್‌ನ 5060 ಸುಮಾರು 30ರಿಂದ 32, 249 ಡಾಲರ್‌ನ ಬಿ580 ಸುಮಾರು 25ರಿಂದ 26.5 ಸಾವಿರ. 2025ರ ಕೊನೆಯಿಂದ ಮೆಮೊರಿ ಚಿಪ್ ದುಬಾರಿಯಾಗಿರೋದರಿಂದ 16 ಜಿಬಿ ಕಾರ್ಡ್‌ಗಳ ಬೆಲೆ ಈ ಗೆರೆ ದಾಟಿರಬಹುದು. ತುಂಬ ದಾಟಿದ್ದರೆ ಕಾಯೋದು ಒಳ್ಳೇದು.

ಬಿ580 ಕಾಗದದ ಮೇಲೆ ಚೆಂದ: 12 ಜಿಬಿ, 192 ಬಿಟ್ ಅಗಲದ ಮೆಮೊರಿ ದಾರಿ. ಆದರೆ ಅದರ ಡ್ರೈವರ್ ಪ್ರೊಸೆಸರ್ ಮೇಲೆ ಹೆಚ್ಚು ಹೊರೆ ಹಾಕುತ್ತೆ. 2025ರ ಆರಂಭದಲ್ಲಿ ಪರೀಕ್ಷಕರು ಇದನ್ನು ಎತ್ತಿ ತೋರಿಸಿದ್ದೇ ರೈಜನ್ 2600, 3600 ಥರದ ಹಳೇ ಪ್ರೊಸೆಸರ್‌ಗಳಲ್ಲಿ. ಆಮೇಲೆ ಬಂದ ಡ್ರೈವರ್‌ಗಳಲ್ಲಿ ಕೆಲವು ಆಟಗಳಲ್ಲಿ ಕಡಿಮೆಯಾಗಿದೆ, ಎಲ್ಲದರಲ್ಲೂ ಅಲ್ಲ. ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ತಲುಪೋ ಸೌಲಭ್ಯ) ಇಲ್ಲದೆ ಅದನ್ನು ಓಡಿಸಲೇಬಾರದು. 3600ಗೆ ಬೇಡ.

ರೆಂಡರ್_ಕಟ್ಟೆ

ಫ್ರೇಮ್‌ಟೈಮ್ ಹೇಳಿದ್ದು ಆಟಕ್ಕೆ ಸರಿ. ಆದರೆ ಪ್ರಶ್ನೆಯಲ್ಲಿ ಬ್ಲೆಂಡರ್ ಇದೆ, ಅದನ್ನು ಹಾರಿಸಿಬಿಟ್ಟಿದ್ದಾರೆ.

ಬ್ಲೆಂಡರ್‌ನ ಸೈಕಲ್ಸ್ ರೆಂಡರ್‌ನಲ್ಲಿ ಸೀನ್ ಒಂದು ಸಲ ಕಾರ್ಡ್‌ಗೆ ಹತ್ತಿತೆಂದರೆ ಮುಗಿಯಿತು, ಆಮೇಲೆ ಲೇನ್‌ಗಳಿಗೆ ಕೆಲಸವೇ ಇಲ್ಲ. ಅಲ್ಲಿ 8 ಲೇನೋ 16 ಲೇನೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬರುವುದು ಎರಡೇ: ಮೆಮೊರಿ ಎಷ್ಟು, ಮತ್ತು ಬ್ಲೆಂಡರ್ ಆ ಕಾರ್ಡನ್ನು ಯಾವ ದಾರಿಯಲ್ಲಿ ಬಳಸುತ್ತದೆ. ಎನ್ವಿಡಿಯಾದಲ್ಲಿ ಆಪ್ಟಿಕ್ಸ್, ಎಎಂಡಿಯಲ್ಲಿ ಹಿಪ್. ಒಂದೇ ಬೆಲೆಯ ಎರಡು ಕಾರ್ಡ್ ತೆಗೆದುಕೊಂಡರೆ ಸೈಕಲ್ಸ್‌ನಲ್ಲಿ ಆಪ್ಟಿಕ್ಸ್ ಸ್ಪಷ್ಟವಾಗಿ ಮುಂದಿದೆ. ಎಎಂಡಿಯಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಹಾರ್ಡ್‌ವೇರ್ ಬಳಸಲು ಹಿಪ್ ಆರ್‌ಟಿ ಇದೆ, ಪ್ರಿಫರೆನ್ಸಸ್‌ನ ಸಿಸ್ಟಮ್ ಪುಟದಲ್ಲಿ ಅದನ್ನು ಆನ್ ಮಾಡಬೇಕು. ಅಂತರ ತಗ್ಗುತ್ತದೆ, ಮುಚ್ಚುವುದಿಲ್ಲ. ಬ್ಲೆಂಡರ್‌ನ ಇನ್ನೊಂದು, ವೇಗದ ರೆಂಡರ್ ಆದ ಈವೀಯಲ್ಲೇ ಹೆಚ್ಚು ಕೆಲಸವಾದರೆ ಈ ಚರ್ಚೆಯೇ ಬೇಡ, ಯಾವ ಕಾರ್ಡಾದರೂ ನಡೆಯುತ್ತದೆ.

ಬ್ಲೆಂಡರ್‌ನಿಂದ ಹಣ ಬರುವುದಾದರೆ 5060 ಟಿಐ 16 ಜಿಬಿ ನೋಡಿ. ಘೋಷಿತ ಬೆಲೆ 429 ಡಾಲರ್. ಮೇಲಿನ ಲೆಕ್ಕದಲ್ಲೇ 43 ಸಾವಿರ ದಾಟುತ್ತದೆ, ನಿಮ್ಮ ಬಜೆಟ್ ಮೀರಿತು. 16 ಜಿಬಿ ಇರುವುದರಿಂದ ಆಟದಲ್ಲೂ 8 ಲೇನ್ ಅಷ್ಟಾಗಿ ಕಾಡುವುದಿಲ್ಲ. ಅದೇ ಹೆಸರಿನ 8 ಜಿಬಿ ಕಾರ್ಡ್ ಕೂಡ ಇದೆ, ಅದನ್ನು ಕೊಳ್ಳಬೇಡಿ. ಡಬ್ಬಿಯ ಮೇಲೆ ಎರಡರ ಹೆಸರೂ ಒಂದೇ.

ವಾರಕ್ಕೆ ಒಂದೆರಡು ದಿನದ ಹವ್ಯಾಸಕ್ಕಾದರೆ 9060 ಎಕ್ಸ್‌ಟಿ 16 ಜಿಬಿ ಸಾಕು. ಒಂದು ಸ್ಟಿಲ್ ಚಿತ್ರ ಕೆಲವು ನಿಮಿಷ ತಡವಾಗಿ ಬಂದರೆ ಏನೂ ಮುಳುಗಿಹೋಗದು. ನೂರಾರು ಫ್ರೇಮ್‌ಗಳ ಅನಿಮೇಷನ್ ಆದರೆ ಮಾತು ಬೇರೆ. ನಿಮಗೆ ಬ್ಲೆಂಡರ್‌ನಲ್ಲಿ ಇನ್ನೊಂದು ಗೋಡೆ ಎದುರಾಗುತ್ತದೆ, ಸಿಸ್ಟಮ್ ರ‍್ಯಾಮ್. ಸೀನ್ ಮೊದಲು ರ‍್ಯಾಮ್‌ನಲ್ಲಿ ತಯಾರಾಗಿಯೇ ಕಾರ್ಡ್‌ಗೆ ಹೋಗುವುದು. 16 ಜಿಬಿ ಕಾರ್ಡ್ ತುಂಬುವಂಥ ಸೀನನ್ನು 16 ಜಿಬಿ ರ‍್ಯಾಮ್ ಇರುವ ಪಿಸಿ ಕಟ್ಟಲಾರದು.

ರಿಸಾಲ್ವ್ ವಿಚಾರಕ್ಕೆ: ಮೊಬೈಲ್ ವಿಡಿಯೊ 4:2:0 (ಬಣ್ಣದ ವಿವರ ಕಡಿಮೆ ಇಡುವ ಬಗೆ), ಅದನ್ನು ಈ ಎಲ್ಲ ಕಾರ್ಡ್‌ಗಳ ಹಾರ್ಡ್‌ವೇರ್ ಡಿಕೋಡರ್ ಓದುತ್ತದೆ. ಮಿರರ್‌ಲೆಸ್ ಕ್ಯಾಮೆರಾದ 4:2:2 10 ಬಿಟ್ ಎಚ್.265 ಬಂದಾಗ ಮಾತ್ರ ಜಾಗ್ರತೆ. ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸುವುದು ಇಂಟೆಲ್‌ನ ಕ್ವಿಕ್ ಸಿಂಕ್ ಮತ್ತು ಎನ್ವಿಡಿಯಾದ 50 ಸರಣಿ. 9060 ಎಕ್ಸ್‌ಟಿ ಅಲ್ಲ. ಅಂಥ ಫುಟೇಜ್ ಇದ್ದರೆ ಪ್ರಾಕ್ಸಿ (ಹಗುರ ನಕಲು) ಮಾಡಿಕೊಂಡು ಎಡಿಟ್ ಮಾಡಿ. ಇನ್ನು ಲಿನಕ್ಸ್ ಬಳಸುವ ಆಲೋಚನೆ ಇದ್ದರೆ, ರಿಸಾಲ್ವ್‌ನ ಉಚಿತ ಆವೃತ್ತಿ ಅಲ್ಲಿ ಎಚ್.264, ಎಚ್.265 ಫೈಲ್ ತೆರೆಯುವುದೇ ಇಲ್ಲ. ಕಾರ್ಡ್ ಬದಲಿಸಿ ಇದನ್ನು ಸರಿಮಾಡಲು ಆಗದು.

ಕಲಬುರಗಿ_ಬಿಲ್ಡ್

ಇಬ್ಬರಿಗೂ ಧನ್ಯವಾದ. ಬ್ಲೆಂಡರ್ ಹವ್ಯಾಸಕ್ಕೇ, ಹೆಚ್ಚಿನದು ಸ್ಟಿಲ್. ಇನ್ನೊಂದಿಷ್ಟು ವಿವರ ಕೊಡ್ತೀನಿ.

ಪವರ್ ಸಪ್ಲೈ ಲೇಬಲ್‌ನಲ್ಲಿ +12 ವೋಲ್ಟ್ 35 ಆಂಪ್ ಅಂತಿದೆ. ಗ್ರಾಫಿಕ್ಸ್‌ಗೆ ಒಂದೇ ಕೇಬಲ್, ತುದಿಯಲ್ಲಿ ಎರಡು 6+2 ಕನೆಕ್ಟರ್. ಈಗಿನ 1650ಗೆ ಕೇಬಲ್ಲೇ ಬೇಕಿಲ್ಲ, ಹಾಗಾಗಿ ಅದನ್ನು ಬಳಸಿಲ್ಲ. ಕ್ಯಾಬಿನೆಟ್‌ನಲ್ಲಿ 310 ಮಿ.ಮೀ. ಕಾರ್ಡ್ ಹಿಡಿಸುತ್ತೆ ಅಂತ ಬರೆದಿದೆ. ಮುಂದಿನ ಪ್ಯಾನೆಲ್ ಗಾಜು, ಹಿಂದೆ ಒಂದೇ ಫ್ಯಾನ್. ಏಪ್ರಿಲ್, ಮೇನಲ್ಲಿ ಇಲ್ಲಿ ಹೊರಗೆ 40 ಡಿಗ್ರಿ ದಾಟುತ್ತೆ, ರೂಮಲ್ಲಿ ಎಸಿ ಇಲ್ಲ.

ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಮತ್ತು ಆರ್‌ಎಕ್ಸ್ 580 8 ಜಿಬಿ ಕೂಡ ಅಗ್ಗಕ್ಕೆ ಸಿಗ್ತಿವೆ. ತಗೋಬಹುದಾ?

ಹನ್ನೆರಡು_ವೋಲ್ಟ್

ಕರೆಂಟಿನ ಭಾಗ ನಾನು ಹೇಳ್ತೀನಿ.

ಪವರ್ ಸಪ್ಲೈ ಮೇಲೆ ದೊಡ್ಡದಾಗಿ ಬರೆದ 450 ಬಿಟ್ಟುಬಿಡಿ, ನೀವು ಕೊಟ್ಟ 12 ವೋಲ್ಟ್ ಸಾಲೇ ಮುಖ್ಯ. 12 ಗುಣಿಸು 35, ಅಂದ್ರೆ 420 ವ್ಯಾಟ್. ಹಳೇ ನಮೂನೆಯ 450 ವ್ಯಾಟ್‌ಗಳಲ್ಲಿ ಇದು 300ರ ಆಸುಪಾಸಲ್ಲೇ ನಿಂತಿರುತ್ತೆ, ನಿಮ್ಮದು ಪರವಾಗಿಲ್ಲ. ಈಗ ಖರ್ಚು: 9060 ಎಕ್ಸ್‌ಟಿ 16 ಜಿಬಿ 160, 3600 ಪೂರ್ತಿ ಹೊರೆಯಲ್ಲಿ 88 (ಡಬ್ಬಿಯ ಮೇಲಿನ 65 ನಂಬಬೇಡಿ), ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗೆ 50. ಒಟ್ಟು 300. ಕಾರ್ಡ್ ಕ್ಷಣಮಾತ್ರ ಇನ್ನೂ ಹೆಚ್ಚು ಎಳೆಯುತ್ತೆ, ಅದಕ್ಕೆ 120 ವ್ಯಾಟ್ ಮಿಗಿತ. ನಡೆಯುತ್ತೆ. ಪವರ್ ಸಪ್ಲೈ ವಾರಂಟಿ ಮುಗಿದಷ್ಟು ಹಳೇದಾಗಿದ್ದರೆ ಮಾತ್ರ 550ರ ಹೊಸದು ಹಾಕಿ, ಒಳಗಿನ ಕೆಪಾಸಿಟರ್‌ಗಳು ಸೆಖೆಗೆ ಬೇಗ ಸೊರಗುತ್ತವೆ.

ಈ ಕಾರ್ಡ್‌ನ ಹೆಚ್ಚಿನ ಮಾದರಿಗಳಿಗೆ ಒಂದೇ 8 ಪಿನ್ (ನಿಮ್ಮ 6+2 ಅದೇ) ಸಾಕು. ಸ್ಲಾಟ್‌ನಿಂದ 75, 8 ಪಿನ್‌ನಿಂದ 150, ಒಟ್ಟು 225ಕ್ಕೆ ಅವಕಾಶ. 6 ಪಿನ್‌ನಿಂದ ಅಥವಾ ಸಾಟಾ ಕೇಬಲ್‌ನಿಂದ 8 ಪಿನ್‌ಗೆ ಬದಲಿಸುವ ಅಡಾಪ್ಟರ್ ಅಂಗಡಿಯಲ್ಲಿ ಕೊಟ್ಟರೆ ಅಲ್ಲೇ ಬಿಟ್ಟು ಬನ್ನಿ, ಸಾಟಾ ಪಿನ್‌ಗಳು ಕರಗುತ್ತವೆ. ಮಾಡ್ಯುಲರ್ ಪವರ್ ಸಪ್ಲೈ ಆಗಿದ್ದರೆ ಬೇರೆ ಕಂಪನಿಯ ಕೇಬಲ್ ಹಾಕಲೇಬೇಡಿ. ತೂರೋಕೆ ತೂರುತ್ತೆ, ಆದರೆ ಪಿನ್‌ಗಳ ಕ್ರಮ ಬೇರೆ ಇರುತ್ತೆ, ಆನ್ ಮಾಡಿದ ಕ್ಷಣವೇ ಕಾರ್ಡೋ ಡಿಸ್ಕೋ ಹೋಗುತ್ತೆ.

ತೊಂದರೆ ಇರೋದು ಯುಪಿಎಸ್‌ನಲ್ಲಿ. 300 ವ್ಯಾಟ್ ಕೊಡೋಕೆ ಬ್ರಾಂಜ್ ಸಪ್ಲೈ ಗೋಡೆಯಿಂದ 350 ಎಳೆಯುತ್ತೆ, ಮಾನಿಟರ್ 25. ಆಯ್ತು 375. 600 ವಿಎ ಯುಪಿಎಸ್‌ಗಳ ನಿಜವಾದ ಶಕ್ತಿ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ, ಹಿಂಬದಿಯ ಲೇಬಲ್ ನೋಡಿ. ಆಟ ಆಡ್ತಿರುವಾಗ ಕರೆಂಟ್ ಹೋದರೆ ಕಿರುಚಿ ಆಫ್ ಆಗುತ್ತೆ. 1000 ವಿಎ, 600 ವ್ಯಾಟ್‌ನದು ಬೇಕು. ಅಲ್ಲಿಯವರೆಗೆ ಫ್ರೇಮ್ ಮಿತಿ 60ಕ್ಕೆ ಇಟ್ಟು ಆಡಿ, ಕಾರ್ಡ್‌ನ ಹೊರೆ ಗಣನೀಯವಾಗಿ ಇಳಿಯುತ್ತೆ. ಕೆಲವು ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿರುವಾಗ ಮೆಟ್ಟಿಲು ಆಕಾರದ ಅಲೆ ಕೊಡುತ್ತವೆ. ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ಸಮವಾಗಿ ಎಳೆಯೋ ಸರ್ಕಿಟ್) ಇರುವ ಕೆಲವು ಸಪ್ಲೈಗಳು ಅದನ್ನು ಒಪ್ಪದೆ ಹೊರೆ ಕಡಿಮೆ ಇದ್ದರೂ ಆಫ್ ಆಗುತ್ತವೆ. ಯುಪಿಎಸ್ ಹೇಗೂ ಬದಲಿಸ್ತೀರಾದರೆ ಪ್ಯೂರ್ ಸೈನ್ ವೇವ್ ಕೇಳಿ. ಮನೆಯ ಇನ್ವರ್ಟರ್‌ಗೆ ಜೋಡಿಸೋದಾದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಸಪ್ಲೈ ಕರೆಂಟ್ ಇಲ್ಲದೆ ತಡೆಯೋದು ಸುಮಾರು 16 ಮಿಲಿಸೆಕೆಂಡ್, ಇನ್ನೊಂದು ಮೋಡ್‌ನಲ್ಲಿ ಬದಲಾವಣೆ ಅದಕ್ಕಿಂತ ನಿಧಾನ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಹಾಗಿದ್ದರೆ ಆ ಪಾಯಿಂಟ್‌ಗೆ ಅರ್ಥಿಂಗ್ ಇಲ್ಲ. ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಅರ್ಧದಷ್ಟು ವೋಲ್ಟೇಜ್ ಲೋಹಕ್ಕೆ ಬಂದು ಕೂತಿರುತ್ತೆ. ಈ ಸ್ಥಿತಿಯಲ್ಲಿ ಓಡ್ತಿರೋ ಪಿಸಿಗೆ ಟಿವಿಯ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಕಾರ್ಡ್‌ನ ಪೋರ್ಟ್ ಸುಡಬಹುದು. ಕಾರ್ಡ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಇನ್ನು ಗಾಜಿನ ಮುಖ, ಒಂದೇ ಫ್ಯಾನ್, 40 ಡಿಗ್ರಿ. 75 ವ್ಯಾಟ್‌ನ 1650 ಇದನ್ನು ಸಹಿಸಿಕೊಂಡಿತ್ತು, 160 ವ್ಯಾಟ್ ಸಹಿಸಲ್ಲ. ಮುಂದೆ 120 ಮಿ.ಮೀ. ಎರಡು ಫ್ಯಾನ್ ಒಳಮುಖವಾಗಿ ಹಾಕಿ. ಹಾಕಿದ ಮೇಲೆ 310ರಿಂದ 25 ಮಿ.ಮೀ. ಕಳೆಯಿರಿ, ಉಳಿದದ್ದು 285. ಮೂರು ಫ್ಯಾನ್‌ನ ಉದ್ದ ಕಾರ್ಡ್‌ಗಳು 300ರ ಹತ್ತಿರ ಬರುತ್ತವೆ, ಎರಡು ಫ್ಯಾನ್‌ನದು ತಗೊಳ್ಳಿ. 160 ವ್ಯಾಟ್‌ಗೆ ಅದೇ ಧಾರಾಳ.

ಹಾಕಿದ ಮೇಲೆ ಅರ್ಧ ಗಂಟೆ ಆಟ ಓಡಿಸಿ ಕಾರ್ಡ್‌ನ ತಾಪ ಬರೆದಿಡಿ, ಆಮೇಲೆ ಪಕ್ಕದ ಬಾಗಿಲು ತೆಗೆದು ಇನ್ನೊಮ್ಮೆ. 8-10 ಡಿಗ್ರಿ ಇಳಿದರೆ ತಪ್ಪು ಕ್ಯಾಬಿನೆಟ್‌ನದು, ಕಾರ್ಡ್‌ನದಲ್ಲ. ಗಾಜಿನ ಪಕ್ಕದ ಸಂದಿ ತೀರಾ ಕಿರಿದಾಗಿದ್ದರೆ ಬೇಸಿಗೆಯ ಎರಡು ತಿಂಗಳು ಆ ಗಾಜನ್ನೇ ಬಿಚ್ಚಿಡಿ. ಧೂಳು ಜಾಸ್ತಿ ಬರುತ್ತೆ, ತಿಂಗಳಿಗೊಮ್ಮೆ ಬ್ರಷ್ ಹಿಡೀರಿ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಂಡಿರಿ, ಗಾಳಿಗೆ ವಿಪರೀತ ತಿರುಗಿದರೆ ಬೇರಿಂಗ್ ಹೋಗುತ್ತೆ.

ಹಳೇಮಾಲು_ಪರೀಕ್ಷಕ

ಸೆಕೆಂಡ್ ಹ್ಯಾಂಡ್ ಕೇಳಿದ್ದೀರಿ. ಮೊದಲು ಹೆಸರಿನ ಮೋಸಗಳು, ಏಕೆಂದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹೆಚ್ಚಿನವರು ಬೀಳುವುದು ಇದಕ್ಕೇ.

ಆರ್‌ಎಕ್ಸ್ 580 ಹೆಸರಿನಲ್ಲಿ ಸಿಗುವ ಅಗ್ಗದ ಕಾರ್ಡ್‌ಗಳಲ್ಲಿ ಬಹಳಷ್ಟು "2048 ಎಸ್‌ಪಿ" ಮಾದರಿ. ಅಸಲಿ 580ರಲ್ಲಿ ಶೇಡರ್‌ಗಳು (ಲೆಕ್ಕ ಮಾಡುವ ಕೋರ್‌ಗಳು) 2304. 2048 ಇರುವುದು ವಾಸ್ತವದಲ್ಲಿ 570. ಅಸಲಿಯೇ ಸಿಕ್ಕರೂ ಬೇಡ: ಎಎಂಡಿ 2023ರಲ್ಲೇ ಈ ಪೀಳಿಗೆಯನ್ನು ಮುಖ್ಯ ಡ್ರೈವರ್‌ನಿಂದ ಬೇರ್ಪಡಿಸಿತು, ಬ್ಲೆಂಡರ್‌ನ ಹಿಪ್ ಅದರಲ್ಲಿ ನಡೆಯದು.

ಆರ್‌ಟಿಎಕ್ಸ್ 3060 ಎರಡು ಬಗೆ. 12 ಜಿಬಿಯದು 192 ಬಿಟ್, ಸೆಕೆಂಡಿಗೆ 360 ಜಿಬಿ. 8 ಜಿಬಿಯದು 128 ಬಿಟ್, 240 ಜಿಬಿ. ಎರಡನೆಯದನ್ನು ಮುಟ್ಟಬೇಡಿ. 3050ಯಲ್ಲೂ ಇದೇ ಹಾಡು: 8 ಜಿಬಿಯದು 130 ವ್ಯಾಟ್, 6 ಜಿಬಿಯದು 70 ವ್ಯಾಟ್, 96 ಬಿಟ್. ಹೆಸರು ಒಂದೇ, ಕಾರ್ಡ್ ಬೇರೆ.

3060 12 ಜಿಬಿ ಮಾತ್ರ ನಿಮ್ಮ ಪಿಸಿಗೆ ಜಾಣ ಆಯ್ಕೆ ಎನ್ನುತ್ತೇನೆ. ಅದು 16 ಲೇನ್ ಕಾರ್ಡ್, ಫ್ರೇಮ್‌ಟೈಮ್ ಹೇಳಿದ ಪೇಚು ಇಲ್ಲ. ಆಪ್ಟಿಕ್ಸ್ ಇದೆ, ರೆಂಡರ್_ಕಟ್ಟೆಯವರೂ ಒಪ್ಪಿಯಾರು. 170 ವ್ಯಾಟ್, ನಿಮ್ಮ ಸಪ್ಲೈ ತಡೆಯುತ್ತದೆ. ಆಟದಲ್ಲಿ 9060 ಎಕ್ಸ್‌ಟಿಗಿಂತ ಬಹಳ ಹಿಂದೆ, ಅದನ್ನು ಮುಚ್ಚಿಡುವುದಿಲ್ಲ. ಎನ್ವಿಡಿಯಾದ ಫ್ರೇಮ್ ಜನರೇಷನ್ (ನಡುವೆ ಕೃತಕ ಫ್ರೇಮ್ ಸೇರಿಸುವುದು) 40 ಸರಣಿಯಿಂದ ಮೇಲಕ್ಕೆ ಮಾತ್ರ, ಇದಕ್ಕಿಲ್ಲ. ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್ (ಕಡಿಮೆ ರೆಸಲ್ಯೂಷನ್ ಚಿತ್ರವನ್ನು ಹಿಗ್ಗಿಸುವುದು) ಇದೆ. ಹೊಸ 9060 ಎಕ್ಸ್‌ಟಿಯ ಅರ್ಧ ಬೆಲೆಯೊಳಗೆ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ, ಅದಕ್ಕಿಂತ ಮೇಲೆ ಹೋದರೆ ಲಾಭವಿಲ್ಲ.

ಮೈನಿಂಗ್ ಕಾರ್ಡ್ ಎಂಬ ಭಯ ಎಲ್ಲರಿಗೂ ಇದೆ. ಈಥೀರಿಯಂ 2022ರ ಸೆಪ್ಟೆಂಬರ್‌ನಲ್ಲಿ ಮೈನಿಂಗ್ ಪದ್ಧತಿ ಬಿಟ್ಟಾಗ ಮಾರುಕಟ್ಟೆಗೆ ಬಂದ ರಾಶಿ ಕಾರ್ಡ್‌ಗಳು ಇನ್ನೂ ಕೈ ಬದಲಿಸುತ್ತಿವೆ. ಚಿಪ್‌ಗೆ ಅದರಿಂದ ಅಂಥ ಹಾನಿಯಿಲ್ಲ. ಸವೆಯುವುದು ಫ್ಯಾನ್, ಮೆಮೊರಿ ಮೇಲಿನ ಥರ್ಮಲ್ ಪ್ಯಾಡ್. ಪರೀಕ್ಷೆ ಹೀಗೆ ಮಾಡಿ. ಜಿಪಿಯು ಝಡ್ ಎಂಬ ತಂತ್ರಾಂಶ ತೆರೆದು ಶೇಡರ್ ಸಂಖ್ಯೆ, ಮೆಮೊರಿ ಗಾತ್ರ, ಬಸ್ ಬಿಟ್ ಹೊಂದುತ್ತವೆಯೇ ನೋಡಿ. ಕಾರ್ಡ್‌ನೊಳಗಿನ ಮೂಲ ತಂತ್ರಾಂಶವಾದ ಬಯೋಸ್ ತಿದ್ದಿ ಹೆಸರು ಬದಲಿಸಿದ ಕಾರ್ಡ್‌ಗೆ ಅದು ನಕಲಿ ಎಂದು ಎಚ್ಚರಿಕೆ ತೋರಿಸುವುದೂ ಉಂಟು. ಆಮೇಲೆ ಓಸಿಸಿಟಿ ಎಂಬ ತಂತ್ರಾಂಶದ ವಿಡಿಯೊ ಮೆಮೊರಿ ಪರೀಕ್ಷೆ, ಶೇ 90ರಷ್ಟು ತುಂಬಿಸಿ ಹದಿನೈದು ನಿಮಿಷ. ಒಂದೇ ಒಂದು ದೋಷ ಬಂದರೂ ಹಿಂದಿರುಗಿಸಿ, ಅದು ಮುಂದೆ ಹೆಚ್ಚುತ್ತದೆಯೇ ಹೊರತು ತಗ್ಗದು. ನಂತರ ಇಪ್ಪತ್ತು ನಿಮಿಷ ಯಾವುದಾದರೂ ಭಾರದ ಆಟ. ಕೋರ್ ಮತ್ತು ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಬಿಂದು) ನಡುವೆ 10-15 ಡಿಗ್ರಿ ಅಂತರ ಸಹಜ; 25 ದಾಟಿದರೆ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ.

ಸ್ಕ್ರೂ ನೋಡಿ. ಹಿಂಬದಿಯ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳ ತಲೆ ಜಜ್ಜಿದ್ದರೆ ಯಾರೋ ಬಿಚ್ಚಿದ್ದಾರೆ. ಬೋರ್ಡ್‌ನ ಮೇಲೆ ಚಿಪ್ ಸುತ್ತ ಕಂದು ಅಂಟು ಇದ್ದರೆ ರಿಪೇರಿಯಾದ ಕಾರ್ಡ್. ವಾರಂಟಿ ಉಳಿದಿದೆ ಎಂದರೆ ಸೀರಿಯಲ್ ನಂಬರ್ ಸ್ಟಿಕ್ಕರ್ ಮತ್ತು ಅಸಲು ಬಿಲ್ ಎರಡೂ ಹೊಂದಬೇಕು. ಕೆಲವು ಕಂಪನಿಗಳು ಸೀರಿಯಲ್ ನಂಬರ್ ಮೇಲೆ ವಾರಂಟಿ ಕೊಡುತ್ತವೆ, ಕೆಲವು ಮೊದಲ ಕೊಳ್ಳುಗನ ಬಿಲ್ ಕೇಳುತ್ತವೆ. ಹೊರದೇಶದಿಂದ ತಂದ ಕಾರ್ಡ್‌ಗೆ ಇಲ್ಲಿ ವಾರಂಟಿ ಸಿಗದಿರುವುದೇ ಹೆಚ್ಚು.

ಕಲಬುರಗಿ_ಬಿಲ್ಡ್

3060 12 ಜಿಬಿ ಕೇಳ್ತಿರೋ ಬೆಲೆ ಅರ್ಧಕ್ಕಿಂತ ಜಾಸ್ತಿ ಇದೆ, ಬಿಟ್ಟೆ. 9060 ಎಕ್ಸ್‌ಟಿ 16 ಜಿಬಿ, ಎರಡು ಫ್ಯಾನ್‌ನದು ಅಂತ ಮನಸ್ಸು ಮಾಡಿದ್ದೀನಿ. ಎರಡು ಪ್ರಶ್ನೆ. 3600 ಇದಕ್ಕೆ ಅಡ್ಡಿಯಾಗುತ್ತಾ? ರೀಸೈಜಬಲ್ ಬಾರ್ ಅನ್ನೋ ಆಯ್ಕೆ ನನ್ನ ಬಯೋಸ್‌ನಲ್ಲಿ ಕಾಣ್ತಿಲ್ಲ, ಏನು ಮಾಡಲಿ?

ಫ್ರೇಮ್‌ಟೈಮ್

3600 ಕೆಲವು ಆಟಗಳಲ್ಲಿ ಅಡ್ಡಿ ಆಗುತ್ತೆ, ಅದರಲ್ಲೂ 144 ಮುಟ್ಟಬೇಕು ಅಂದ್ರೆ. ಕಂಡುಹಿಡಿಯೋದು ಸುಲಭ: ವಿಸಿಂಕ್ (ಮಾನಿಟರ್ ವೇಗಕ್ಕೆ ಫ್ರೇಮ್ ಕಟ್ಟಿಹಾಕೋ ಸೆಟ್ಟಿಂಗ್), ಫ್ರೇಮ್ ಮಿತಿ ತೆಗೆದು ಆಡಿ. ಜಿಪಿಯು ಬಳಕೆ 95ರ ಮೇಲಿದ್ದರೆ ಕಾರ್ಡೇ ಮಿತಿ. 60-70ರಲ್ಲಿ ತೂಗಾಡ್ತಿದ್ದರೆ ಪ್ರೊಸೆಸರ್. ರೆಸಲ್ಯೂಷನ್ ಇಳಿಸಿದರೂ ಎಫ್‌ಪಿಎಸ್ ಏರದಿದ್ದರೆ ಅನುಮಾನವೇ ಬೇಡ. ಆಗ ಹೆಚ್ಚಿನ ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿ ಪ್ರಯೋಜನವಿಲ್ಲ. ಜನಸಂದಣಿ, ದೂರದ ನೋಟ, ರೇ ಟ್ರೇಸಿಂಗ್ ಇಳಿಸಿ, ಪ್ರೊಸೆಸರನ್ನು ತಿನ್ನೋದು ಅವೇ.

ಮುಂದೆ 5600 ಹಾಕಬಹುದು, ಅದೇ ಬೋರ್ಡ್‌ಗೆ ಕೂರುತ್ತೆ. 3600ರಲ್ಲಿ ಎಲ್3 ಕ್ಯಾಶ್ 16 ಎಂಬಿಯ ಎರಡು ತುಂಡು, 5600ರಲ್ಲಿ 32 ಎಂಬಿ ಒಂದೇ ಕಡೆ. ಆಟಗಳಿಗೆ ಇದೇ ದೊಡ್ಡ ಲಾಭ. ಬಯೋಸ್ ಅಪ್‌ಡೇಟ್ ಮಾಡಬೇಕಾದ್ದು 3600 ಇರುವಾಗಲೇ, ಪ್ರೊಸೆಸರ್ ಬದಲಿಸಿದ ಮೇಲಲ್ಲ.

ರೀಸೈಜಬಲ್ ಬಾರ್‌ಗೂ ಆ ಅಪ್‌ಡೇಟೇ ಬೇಕು. ಹಳೇ ಬಯೋಸ್‌ನಲ್ಲಿ ಆಯ್ಕೆ ಇರಲ್ಲ, ಇದ್ದರೂ ಸಿಎಸ್‌ಎಂ (ಹಳೇ ಬೂಟ್ ಪದ್ಧತಿಗೆ ಬೆಂಬಲ ಕೊಡೋ ಸೆಟ್ಟಿಂಗ್) ಆನ್ ಇದ್ದಾಗ ಅಡಗಿರುತ್ತೆ. ಈ ಕ್ರಮದಲ್ಲಿ ಹೋಗಿ, ಹಿಂದುಮುಂದು ಮಾಡಿದರೆ ವಿಂಡೋಸ್ ಏಳಲ್ಲ.

ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದೆಯಾ ನೋಡಿ. ಇದ್ದರೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಬೇರೆ ಕಡೆ ಬರೆದಿಡಿ. ಬಯೋಸ್ ಬದಲಾದಾಗ ಪ್ರೊಸೆಸರ್ ಒಳಗಿನ ಟಿಪಿಎಂ ಕೀಲಿ ಅಳಿಸಿಹೋಗಬಹುದು, ಆಗ ಆ ಕೀ ಇಲ್ಲದೆ ಡಿಸ್ಕ್ ತೆರೆಯಲ್ಲ.

ಎರಡನೇದು ಡಿಸ್ಕ್. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್ ಮೇಲೆ ಬಲ ಗುಂಡಿ, ಪ್ರಾಪರ್ಟೀಸ್, ವಾಲ್ಯೂಮ್ಸ್. ಜಿಪಿಟಿ (ಡಿಸ್ಕ್ ಭಾಗ ಮಾಡೋ ಹೊಸ ಪದ್ಧತಿ) ಅಂತಿದ್ದರೆ ಮುಂದೆ ಹೋಗಿ. ಎಂಬಿಆರ್ (ಹಳೇ ಪದ್ಧತಿ) ಅಂತಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಬೂಟ್ ಆಗೋದು ನಿಲ್ಲುತ್ತೆ. ವಿಂಡೋಸ್‌ನಲ್ಲೇ ಎಂಬಿಆರ್‌ಟುಜಿಪಿಟಿ ಅನ್ನೋ ಉಪಕರಣ ಇದೆ. ಅಡ್ಮಿನ್ ಕಮಾಂಡ್ ಕಿಟಕಿಯಲ್ಲಿ ಮೊದಲು ವ್ಯಾಲಿಡೇಟ್, ಅದು ಸರಿ ಅಂದ ಮೇಲೆ ಕನ್ವರ್ಟ್, ಎರಡರಲ್ಲೂ ಅಲೋ ಫುಲ್ ಓಎಸ್ ಅನ್ನೋ ಸ್ವಿಚ್ ಸೇರಿಸಿ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪಲ್ಲ. ಬ್ಯಾಕಪ್ ತಗೊಂಡೇ ಮಾಡಿ.

ಆಮೇಲೆ ಬೋರ್ಡ್ ತಯಾರಕರ ಪುಟದಿಂದ ನಿಮ್ಮ ಬೋರ್ಡ್‌ನ ಸರಿಯಾದ ರಿವಿಷನ್ನಿನ ಬಯೋಸ್ ಇಳಿಸಿ, ಫ್ಯಾಟ್32 ಪೆನ್‌ಡ್ರೈವ್‌ಗೆ ಹಾಕಿ, ಬಯೋಸ್ ಒಳಗಿನಿಂದಲೇ ಫ್ಲ್ಯಾಶ್ ಮಾಡಿ. ಯುಪಿಎಸ್ ಮೇಲಿರಲಿ, ಈ ಕೆಲಸಕ್ಕೆ ನಿಮ್ಮ 600 ವಿಎ ಬೇಕಾದಷ್ಟಾಯಿತು. ಮುಗಿದ ಮೇಲೆ ಎಲ್ಲ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಬಂದಿರುತ್ತೆ, ರ‍್ಯಾಮ್‌ನ ಎಕ್ಸ್‌ಎಂಪಿ ಮತ್ತೆ ಆನ್ ಮಾಡೋದು ಮರೀಬೇಡಿ. ಮರೆತರೆ 3200ರ ರ‍್ಯಾಮ್ 2133 ಅಥವಾ 2400ರಲ್ಲಿ ಓಡುತ್ತೆ, ಬೈಗುಳ ಹೊಸ ಕಾರ್ಡ್‌ಗೆ. ಕೊನೆಗೆ ಸಿಎಸ್‌ಎಂ ಆಫ್, ಅಬೋವ್ 4ಜಿ ಡಿಕೋಡಿಂಗ್ ಆನ್, ರೀಸೈಜಬಲ್ ಬಾರ್ ಆನ್. 3600ಗೆ ಎಎಂಡಿ 2021ರಲ್ಲೇ ಇದರ ಬೆಂಬಲ ಕೊಟ್ಟಿದೆ.

ಇದೆಲ್ಲ 1650 ಇರುವಾಗಲೇ ಮುಗಿಸಿ. ಅದಾದ ಮೇಲೆ ಹೊಸ ಡ್ರೈವರ್ ಇಳಿಸಿಟ್ಟುಕೊಂಡು, ನೆಟ್ ತಂತಿ ಕಿತ್ತು, ಸೇಫ್ ಮೋಡ್‌ನಲ್ಲಿ ಡಿಸ್ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಓಡಿಸಿ ಎನ್ವಿಡಿಯಾ ಡ್ರೈವರ್ ತೆಗೀರಿ. ನೆಟ್ ಇದ್ದರೆ ವಿಂಡೋಸ್ ಅಪ್‌ಡೇಟ್ ನಡುವೆ ತನ್ನದೊಂದು ಡ್ರೈವರ್ ತುರುಕುತ್ತೆ. ಆಫ್ ಮಾಡಿ, ಕಾರ್ಡ್ ಬದಲಿಸಿ.

ಹನ್ನೆರಡು_ವೋಲ್ಟ್

ಬದಲಿಸುವಾಗ ಎರಡು ಮಾತು. ಕಾರ್ಡ್ ಮೇಲಿನ ಉದ್ದ ಸ್ಲಾಟ್‌ಗೇ ಹೋಗಬೇಕು. ಹೆಚ್ಚಿನ ಬಿ450 ಬೋರ್ಡ್‌ಗಳಲ್ಲಿ ಕೆಳಗಿನ ಉದ್ದ ಸ್ಲಾಟ್ ಚಿಪ್‌ಸೆಟ್‌ನಿಂದ ಬರುವ 4 ಲೇನ್, ಅದೂ ಪಿಸಿಐಇ 2.0. ಮತ್ತೆ, ಮೈಕ್ರೊ ಎಟಿಎಕ್ಸ್ ಬೋರ್ಡ್‌ನ ಬಲ ಕೆಳಮೂಲೆಯ ಸಾಟಾ ಪೋರ್ಟ್‌ಗಳ ಮೇಲೆ ದಪ್ಪ ಕಾರ್ಡ್ ಬಂದು ಕೂರುತ್ತೆ. ಡಿಸ್ಕ್ ತಂತಿ ಮೊದಲೇ ಸಿಕ್ಕಿಸಿ, ಎಲ್ ಆಕಾರದ ಕನೆಕ್ಟರ್ ಇದ್ದರೆ ಇನ್ನೂ ಒಳ್ಳೇದು.

ರೆಂಡರ್_ಕಟ್ಟೆ

ಡಿಸ್ಪ್ಲೇ ಪೋರ್ಟ್ ಕೇಬಲ್ ಇದೆಯೇ ನೋಡಿಕೊಳ್ಳಿ. ಹೊಸ ಕಾರ್ಡ್‌ಗಳಲ್ಲಿ ಡಿವಿಐ ಇರುವುದಿಲ್ಲ. 1650ಗೆ ಡಿವಿಐ ಜೋಡಿಸಿದ್ದರೆ ಹೊಸ ಕೇಬಲ್ ಬೇಕಾಗುತ್ತದೆ. ಜೋಡಿಸಿದ ಮೇಲೆ ವಿಂಡೋಸ್ ಸುಮ್ಮನೆ 60 ಹರ್ಟ್ಜ್‌ಗೆ ನಿಂತಿರಬಹುದು, ಅಡ್ವಾನ್ಸ್‌ಡ್ ಡಿಸ್ಪ್ಲೇಗೆ ಹೋಗಿ 144 ಮಾಡಿ.

ಕಲಬುರಗಿ_ಬಿಲ್ಡ್

ಡಿಸ್ಕ್ ಎಂಬಿಆರ್ ಅಂತಲೇ ತೋರಿಸ್ತಿದೆ. ಬ್ಯಾಕಪ್ ಆದ ಮೇಲೆ ಮಾಡ್ತೀನಿ. ಕಾರ್ಡ್ 16 ಲೇನ್‌ನಲ್ಲೇ ಓಡ್ತಿದೆ ಅಂತ ಗೊತ್ತಾಗೋದು ಹೇಗೆ?

ಹಳೇಮಾಲು_ಪರೀಕ್ಷಕ

ಜಿಪಿಯು ಝಡ್‌ನ ಬಸ್ ಇಂಟರ್‌ಫೇಸ್ ಸಾಲು. ಸುಮ್ಮನೆ ಇರುವಾಗ ವಿದ್ಯುತ್ ಉಳಿಸಲು 1.1 ಎಂದು ತೋರಿಸಬಹುದು, ಗಾಬರಿ ಬೇಡ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಪರೀಕ್ಷೆ ಶುರುಮಾಡಿದರೆ 16 ಲೇನ್, 3.0 ಎಂದು ಬರಬೇಕು. 8 ಅಥವಾ 4 ಬಂದರೆ ಕಾರ್ಡ್ ಸ್ಲಾಟ್‌ನಲ್ಲಿ ಪೂರ್ತಿ ಕೂತಿಲ್ಲ, ಇಲ್ಲವೇ ಚಿನ್ನದ ಅಂಚಿನಲ್ಲಿ ಕೊಳೆ ಇದೆ. ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಮತ್ತೆ ಕೂರಿಸಿ, ಕ್ಲಿಕ್ ಶಬ್ದ ಬರುವವರೆಗೆ. ರೀಸೈಜಬಲ್ ಬಾರ್ ಆನ್ ಆಗಿದೆಯೇ ಎಂಬುದೂ ಅದೇ ಕಿಟಕಿಯಲ್ಲಿ ಕೆಳಗಿದೆ.